ರಾಕ್ ಸಂಗೀತದ ಹುಟ್ಟಿದ ತಾರೀಖು ಬರೆದವರು ಯಾರು?

ಜುಲೈ 5 ಬಂತು ಅಂದ್ರೆ ಸಾಕು, ರಾಕ್ ಕೇಳೋ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಕಪ್ಪು-ಬಿಳುಪು ಫೋಟೊ ಓಡಾಡೋಕೆ ಶುರುವಾಗುತ್ತೆ. ಹತ್ತೊಂಬತ್ತರ ಹುಡುಗ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಕೈಯಲ್ಲಿ ಗಿಟಾರ್. ಕೆಳಗೊಂದು ಸಾಲು: 1954ರ ಈ ದಿನ ರಾಕ್ ಅಂಡ್ ರೋಲ್ ಹುಟ್ಟಿತು.

ಇದು ಅಭಿಮಾನಿಗಳ ಉತ್ಸಾಹ ಮಾತ್ರ ಅಲ್ಲ. 2004ರಲ್ಲಿ ಆ ದಿನಕ್ಕೆ ಐವತ್ತು ತುಂಬಿದಾಗ ಅಮೆರಿಕದ ಮೆಂಫಿಸ್ ನಗರ ಅದನ್ನು 'ರಾಕ್ ಅಂಡ್ ರೋಲ್‌ಗೆ ಐವತ್ತು ವರ್ಷ' ಅಂತಲೇ ಹಬ್ಬ ಮಾಡಿತು. ನೂರಾರು ರೇಡಿಯೊ ಕೇಂದ್ರಗಳು ಒಂದೇ ಹೊತ್ತಿಗೆ ಎಲ್ವಿಸ್ ಪ್ರೆಸ್ಲಿಯ 'ದಟ್ಸ್ ಆಲ್ ರೈಟ್' ಹಾಡನ್ನು ಹಾಕಿದವು. ಅದೇ ವರ್ಷ ಬ್ರಿಟನ್ನಿನಲ್ಲಿ ಹಾಡನ್ನು ಮತ್ತೆ ಬಿಡುಗಡೆ ಮಾಡಿದರು. ಐವತ್ತು ವರ್ಷ ಹಳೇ ಹಾಡು ಅಲ್ಲಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. 2024ಕ್ಕೆ ಎಪ್ಪತ್ತೂ ತುಂಬಿತು. ಮುಂದೆ ಎಪ್ಪತ್ತೈದು ಇದೆ, ಆಮೇಲೆ ನೂರು. ಕ್ಯಾಲೆಂಡರಿಗೇನು, ಕೊನೆ ಇಲ್ಲ.

ಹಾಡು ಚೆನ್ನಾಗಿದೆ. ಅದನ್ನು ಮೊದಲೇ ಹೇಳಿಬಿಡ್ತೀನಿ. ಎರಡು ನಿಮಿಷವೂ ಇಲ್ಲ, ಡ್ರಮ್ಸ್ ಇಲ್ಲವೇ ಇಲ್ಲ. ಬಿಲ್ ಬ್ಲ್ಯಾಕ್ ತನ್ನ ದೊಡ್ಡ ಬೇಸ್ ವಾದ್ಯದ ತಂತಿಯನ್ನು ಎಳೆದು ಮರದ ಮೇಲೆ ಬಡಿದು ತಾಳದ ಕೆಲಸವನ್ನೂ ತಾನೇ ಮಾಡ್ತಾನೆ. ಸ್ಕಾಟಿ ಮೂರ್ ಗಿಟಾರಿನಲ್ಲಿ ಸಂದಿ ಸಿಕ್ಕಲ್ಲೆಲ್ಲ ಚಿಕ್ಕಚಿಕ್ಕ ಸ್ವರಗಳನ್ನು ತುಂಬ್ತಾ ಹೋಗ್ತಾನೆ. ಆ ಸಂಜೆ ಮೂವರೂ ನಿಧಾನದ ಪ್ರೇಮಗೀತೆಗಳನ್ನು ಹಾಡಿ ಹಾಡಿ ಸುಸ್ತಾಗಿದ್ದರು, ಯಾವುದೂ ಕೂಡಿ ಬರಲಿಲ್ಲ. ವಿರಾಮದಲ್ಲಿ ಎಲ್ವಿಸ್ ತಮಾಷೆಗೆ ಒಂದು ಹಳೇ ಬ್ಲೂಸ್ ಹಾಡು ಹಿಡಿದು ಕುಣಿಯೋಕೆ ಶುರು ಮಾಡಿದ. ಉಳಿದಿಬ್ಬರು ಸೇರಿಕೊಂಡರು. ಸ್ಟುಡಿಯೊ ಮಾಲೀಕ ಸ್ಯಾಮ್ ಫಿಲಿಪ್ಸ್ ಅದನ್ನು ಕೇಳಿ, ಮೊದಲಿಂದ ನುಡಿಸಿ ಅಂದು ಟೇಪ್ ಹಾಕಿದ. ಆ ಸಲೀಸುತನ ಇವತ್ತಿಗೂ ಹಾಡಿನಲ್ಲಿ ಕೇಳುತ್ತೆ. ಗೆಲ್ಲಬೇಕು ಅಂತ ಹಾಡಿದ್ದಲ್ಲ ಅದು, ಗೆಲ್ಲೋ ಆಸೆ ಬಿಟ್ಟ ಮೇಲೆ ಹಾಡಿದ್ದು.

ನನ್ನ ತಕರಾರು ಹಾಡಿನ ಮೇಲಲ್ಲ, ತಾರೀಖಿನ ಮೇಲೆ.

ಹಳ್ಳಿಯಿಂದ ಬಂದವರಿಗೆ ಈ ತಕರಾರು ಬೇಗ ಅರ್ಥವಾಗುತ್ತೆ. ನಮ್ಮೂರ ಶಾಲೆಯ ರಿಜಿಸ್ಟರಿನಲ್ಲಿ ನನ್ನ ಅಪ್ಪನ ತಲೆಮಾರಿನ ಅರ್ಧಕ್ಕರ್ಧ ಜನ ಜೂನ್ 1ರಂದು ಹುಟ್ಟಿದ್ದಾರೆ. ಹುಡುಗನನ್ನು ಶಾಲೆಗೆ ಸೇರಿಸೋಕೆ ಬಂದ ಅಜ್ಜಿ "ರಾಗಿ ಕುಯ್ಯೋ ಟೇಮಲ್ಲಿ ಹುಟ್ಟಿದ್ದು ಸ್ವಾಮಿ" ಅಂದಿರ್ತಾಳೆ. ರಿಜಿಸ್ಟರಿನಲ್ಲಿ ರಾಗಿ ಕುಯ್ಲು ಅಂತ ಬರೆಯೋ ಕಾಲಂ ಇಲ್ಲ. ಮೇಷ್ಟ್ರು ಶಾಲೆ ಶುರುವಾಗೋ ದಿನಕ್ಕೆ ಲೆಕ್ಕ ಹೊಂದಿಸಿ ಜೂನ್ 1 ಅಂತ ಬರೆದರು. ಆಧಾರ್, ಪ್ಯಾನ್, ಪಿಂಚಣಿ ಎಲ್ಲದಕ್ಕೂ ಈಗ ಅದೇ ಖಾಯಂ. ಆ ತಾರೀಖು ಮಗು ಹುಟ್ಟಿದ್ದನ್ನು ಹೇಳಲ್ಲ, ಮಗು ಮೇಷ್ಟ್ರ ಕಣ್ಣಿಗೆ ಬಿದ್ದಿದ್ದನ್ನು ಹೇಳುತ್ತೆ. 1954ರ ಜುಲೈ 5 ಕೂಡ ರಾಕ್ ಸಂಗೀತದ ಪಾಲಿಗೆ ಅಂಥದ್ದೇ ತಾರೀಖು. ಹಾಗಾದ್ರೆ ಮೇಷ್ಟ್ರು ಯಾರು ಅನ್ನೋದು ಪ್ರಶ್ನೆ.

ಮೊದಲು ಆ ಹಾಡಿನ ಜಾತಕವನ್ನೇ ನೋಡೋಣ. 'ದಟ್ಸ್ ಆಲ್ ರೈಟ್' ಎಲ್ವಿಸ್ ಬರೆದಿದ್ದಲ್ಲ. ಮಿಸಿಸಿಪಿಯ ಆರ್ಥರ್ 'ಬಿಗ್ ಬಾಯ್' ಕ್ರುಡಪ್ ಅನ್ನೋ ಕಪ್ಪು ಗಾಯಕ 1946ರಲ್ಲಿ ಶಿಕಾಗೊದಲ್ಲಿ ಧ್ವನಿಮುದ್ರಿಸಿದ್ದು. ಎರಡನ್ನೂ ಒಂದರ ಹಿಂದೊಂದು ಕೇಳಿ. ಕ್ರುಡಪ್ ಹಾಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ, ಬೇಸ್ ಇದೆ, ಎಲ್ವಿಸ್ ಹಾಡಿನಲ್ಲಿ ಇಲ್ಲದ ಡ್ರಮ್ಸೂ ಇದೆ. ಎಲ್ವಿಸ್ ವೇಗ ಹೆಚ್ಚಿಸಿದ, ಭಾರ ಇಳಿಸಿದ. ಅಡಿಪಾಯ ಎಂಟು ವರ್ಷ ಮೊದಲೇ ಬಿದ್ದಿತ್ತು.

1955ರ ನವೆಂಬರ್‌ನಲ್ಲಿ ಆರ್‌ಸಿಎ ಕಂಪನಿ ಎಲ್ವಿಸ್‌ನ ಒಪ್ಪಂದವನ್ನು ಸ್ಯಾಮ್ ಫಿಲಿಪ್ಸ್‌ನಿಂದ 35,000 ಡಾಲರಿಗೆ ಕೊಂಡಿತು. ಆ ಕಾಲಕ್ಕೆ ದೊಡ್ಡ ಮೊತ್ತ. ಕ್ರುಡಪ್ ಹಾಡಿದ್ದೂ ಅದೇ ಕಂಪನಿಗೆ. ಆದರೆ ರಾಯಲ್ಟಿ ಅನ್ನೋದು ಆತನ ಕೈಗೆ ಬಂದಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಐವತ್ತರ ದಶಕದಲ್ಲಿ ಬೇಸತ್ತು ಧ್ವನಿಮುದ್ರಣ ಬಿಟ್ಟು ಕೂಲಿನಾಲಿ ಮಾಡಿದ. ಅರವತ್ತರ ದಶಕದಲ್ಲಿ ಬ್ಲೂಸ್ ಪ್ರೇಮಿಗಳು ಹುಡುಕಿ ಮತ್ತೆ ವೇದಿಕೆಗೆ ತಂದರು. ಮ್ಯಾನೇಜರ್ ಡಿಕ್ ವಾಟರ್‌ಮನ್ ಬಾಕಿಗಾಗಿ ಹೋರಾಡಿ ಸುಮಾರು 60,000 ಡಾಲರಿನ ರಾಜಿಯವರೆಗೂ ವಿಷಯ ತಂದ. ಸಹಿ ಹಾಕೋಕೆ ಅಂತ ನ್ಯೂಯಾರ್ಕಿಗೆ ಹೋದರೆ, ಕೊನೇ ಗಳಿಗೆಯಲ್ಲಿ ಪ್ರಕಾಶನ ಕಂಪನಿ ಹಿಂದೆ ಸರೀತು. 1974ರಲ್ಲಿ ಕ್ರುಡಪ್ ತೀರಿಕೊಂಡ. ದುಡ್ಡು ಬಂದಿದ್ದು ಆಮೇಲೆ, ಮನೆಯವರ ಕೈಗೆ.

ಇದರಲ್ಲಿ ಎಲ್ವಿಸ್‌ನನ್ನು ಕಳ್ಳ ಅಂತ ನಿಲ್ಲಿಸೋದು ಸುಲಭ, ಆದರೆ ಸರಿಯಲ್ಲ. 1956ರಲ್ಲಿ, ಖ್ಯಾತಿ ನೆತ್ತಿಗೇರಬಹುದಾಗಿದ್ದ ಹೊತ್ತಿನಲ್ಲೇ, ಪತ್ರಿಕೆಯೊಂದರ ಮುಂದೆ ಆತ ಕ್ರುಡಪ್ ಹೆಸರನ್ನು ಹೇಳಿದ್ದ. ತಾನು ಮಾಡ್ತಿರೋದನ್ನು ಕಪ್ಪು ಜನ ಎಷ್ಟೋ ವರ್ಷಗಳಿಂದ ಮಾಡ್ತಾ ಬಂದಿದ್ದಾರೆ ಅಂತಲೂ ಹೇಳಿದ್ದ. ಹಾಡಿದವನಿಗೆ ಮೂಲ ಗೊತ್ತಿತ್ತು. ಹುಟ್ಟುಹಬ್ಬ ಮಾಡುವವರಿಗೆ ಅದು ಬೇಕಿರಲಿಲ್ಲ.

ಈಗ ಇನ್ನೊಂದು ವಿಚಾರ. ಎಲ್ವಿಸ್ ಹಾಡಿದ ಆ ಸ್ಟುಡಿಯೊ ಇರೋದು ಮೆಂಫಿಸ್‌ನ 706, ಯೂನಿಯನ್ ಅವೆನ್ಯೂನಲ್ಲಿ. ಸ್ಯಾಮ್ ಫಿಲಿಪ್ಸ್ ಅದನ್ನು 1950ರಲ್ಲಿ ತೆರೆದ. ಎಲ್ವಿಸ್ ಬರೋದಕ್ಕೆ ಮೂರು ವರ್ಷ ಮೊದಲು, 1951ರ ಮಾರ್ಚ್‌ನಲ್ಲಿ, ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಕಡೆಯಿಂದ ಒಂದು ಕಪ್ಪು ಹುಡುಗರ ತಂಡ ಕಾರಿನಲ್ಲಿ ವಾದ್ಯಗಳನ್ನು ತುಂಬಿಕೊಂಡು ಅದೇ ಬಾಗಿಲಿಗೆ ಬಂತು. ತಂಡದ ನಾಯಕ ಐಕ್ ಟರ್ನರ್. ವಯಸ್ಸು? ಅವನಿಗೂ ಹತ್ತೊಂಬತ್ತು.

ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಝಾರ್ಟ್‌ನ ಆಂಪ್ಲಿಫೈಯರ್ ಕೆಟ್ಟಿತ್ತು. ಕಾರಿನಿಂದ ಬಿತ್ತು ಅಂತ ಕೆಲವರು, ಮಳೆಗೆ ನೆನೀತು ಅಂತ ಕೆಲವರು. ಸ್ಪೀಕರಿನ ಕೋನ್ ಹರಿದಿತ್ತು. ಬೇರೆ ತರೋಕೆ ಸಮಯ ಇಲ್ಲ. ಫಿಲಿಪ್ಸ್ ಹರಿದ ಕಡೆ ಕಾಗದ ತುರುಕಿ, ಬರೋ ಸದ್ದು ಬರಲಿ ಅಂತ ರೆಕಾರ್ಡ್ ಮಾಡಿದ. ಒರಟಾದ, ಗೊರಗೊರ ಅನ್ನೋ ಗಿಟಾರ್ ಸದ್ದು ಬಂತು. ಮುಂದೆ ರಾಕ್ ಗಿಟಾರಿಗೆ ಗುರುತೇ ಆಗಿಹೋದ ಆ ಕಚ್ಚಾ ಸದ್ದು, ದುಡ್ಡು ಕೊಟ್ಟು ಪೆಡಲ್ ಕೊಂಡು ನಾವು ಬೇಕಂತಲೇ ಮಾಡಿಕೊಳ್ಳೋ 'ಡಿಸ್ಟಾರ್ಷನ್', ಇಲ್ಲಿ ರಿಪೇರಿಯ ಅನಿವಾರ್ಯದಿಂದ ಹುಟ್ಟಿದೆ. ಹಾಡಿನ ಹೆಸರು 'ರಾಕೆಟ್ 88', ಆ ಕಾಲದ ಓಲ್ಡ್ಸ್‌ಮೊಬೈಲ್ ಕಾರಿನ ಮೇಲೆ. ಹಾಡಿದ್ದು ತಂಡದ ಸ್ಯಾಕ್ಸೊಫೋನ್ ವಾದಕ ಜಾಕಿ ಬ್ರೆನ್ಸ್‌ಟನ್. ಅದು ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 1951ರಲ್ಲೇ ನಂಬರ್ ಒನ್ ಆಯಿತು. ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಇದೇ ಅಂತ ಸ್ಯಾಮ್ ಫಿಲಿಪ್ಸ್ ತಾನೇ ಮುಂದೆ ಹೇಳಿಕೊಂಡಿದ್ದ.

ಅದೇ ಕೋಣೆ, ಅದೇ ಮನುಷ್ಯ, ಹತ್ತೊಂಬತ್ತೇ ವಯಸ್ಸು. ಆದರೂ ಹುಟ್ಟುಹಬ್ಬ 1951ಕ್ಕಿಲ್ಲ, 1954ಕ್ಕಿದೆ. ಯಾಕೆ?

ಒಂದು ಕಾರಣ ತೀರಾ ವ್ಯವಹಾರದ್ದು. 1951ರಲ್ಲಿ ಫಿಲಿಪ್ಸ್‌ಗೆ ಸ್ವಂತ ಲೇಬಲ್ ಇರಲಿಲ್ಲ, ಸನ್ ರೆಕಾರ್ಡ್ಸ್ ಶುರುವಾಗಿದ್ದು 1952ರಲ್ಲಿ. 'ರಾಕೆಟ್ 88' ಶಿಕಾಗೊದ ಚೆಸ್ ಕಂಪನಿಯ ಪಾಲಾಯಿತು. ರೆಕಾರ್ಡಿನ ಮೇಲೆ ಅಚ್ಚಾದ ಹೆಸರು 'ಜಾಕಿ ಬ್ರೆನ್ಸ್‌ಟನ್ ಮತ್ತು ಡೆಲ್ಟಾ ಕ್ಯಾಟ್ಸ್'; ಐಕ್ ಟರ್ನರ್ ತಂಡದ ನಿಜವಾದ ಹೆಸರು ಅಲ್ಲಿ ಇರಲೇ ಇಲ್ಲ. ಹಬ್ಬ ಮಾಡೋಕೆ ಹಕ್ಕುದಾರರು ಬೇಕು, ಪೋಸ್ಟರಿಗೆ ಒಂದು ಮುಖ ಬೇಕು. ಇಲ್ಲಿ ಹಕ್ಕು ಒಬ್ಬರದ್ದು, ಹೆಸರು ಇನ್ನೊಬ್ಬರದ್ದು, ಸಂಗೀತ ಮತ್ತೊಬ್ಬರದ್ದು. ಐಕ್ ಟರ್ನರ್‌ನ ಮುಖವಂತೂ ಮುಂದೆ ಯಾರಿಗೂ ಬೇಡವಾಯಿತು. ಟೀನಾ ಟರ್ನರ್ ಮೇಲೆ ಆತ ನಡೆಸಿದ ಹಿಂಸೆ ಜಗತ್ತಿಗೆ ಗೊತ್ತಾದ ಮೇಲೆ ಆತನ ಹೆಸರಿನಲ್ಲಿ ಕೇಕ್ ಕತ್ತರಿಸೋರು ಯಾರು? ಅದು ನ್ಯಾಯವೇ. ಆದರೆ ಒಬ್ಬನ ಪಾಪಕ್ಕೆ ಕಿಝಾರ್ಟ್‌ನ ಹರಿದ ಸ್ಪೀಕರ್ ಯಾಕೆ ಮೂಲೆಗೆ ಸೇರಬೇಕು?

ಎರಡನೇ ಕಾರಣ ಬಣ್ಣದ್ದು. ಇದನ್ನು ಅರ್ಥ ಮಾಡಿಕೊಳ್ಳೋಕೆ 1954ರ ಆ ವಾರಕ್ಕೇ ಹೋಗಬೇಕು. ಧ್ವನಿಮುದ್ರಣವಾದ ಕೆಲವೇ ದಿನದಲ್ಲಿ ಮೆಂಫಿಸ್‌ನ ರೇಡಿಯೊ ನಿರೂಪಕ ಡ್ಯೂಯಿ ಫಿಲಿಪ್ಸ್ ಹಾಡನ್ನು ಒಂದೇ ರಾತ್ರಿ ಮತ್ತೆ ಮತ್ತೆ ಹಾಕಿದ. (ಸ್ಯಾಮ್‌ಗೂ ಇವನಿಗೂ ನೆಂಟಸ್ತನ ಇಲ್ಲ, ಅಡ್ಡಹೆಸರು ಒಂದೇ ಅಷ್ಟೆ.) ಕೇಳುಗರ ಫೋನ್ ನಿಲ್ಲಲಿಲ್ಲ. ಹುಡುಗನನ್ನು ಸ್ಟೇಷನ್ನಿಗೆ ಕರೆಸಿ ಡ್ಯೂಯಿ ಒಂದು ಪ್ರಶ್ನೆ ಕೇಳಿದ: ಯಾವ ಹೈಸ್ಕೂಲು? ಎಲ್ವಿಸ್ 'ಹ್ಯೂಮ್ಸ್' ಅಂದ. ಕೇಳೋಕೆ ಲೋಕಾಭಿರಾಮದ ಪ್ರಶ್ನೆ. ಆದರೆ ಶಾಲೆಗಳು ಬಣ್ಣದ ಮೇಲೆ ಬೇರೆಬೇರೆಯಾಗಿದ್ದ ಆ ಊರಲ್ಲಿ ಹ್ಯೂಮ್ಸ್ ಬಿಳಿಯರ ಶಾಲೆ. ಹಾಡು ಕೇಳಿದ ಎಷ್ಟೋ ಜನ ಹಾಡಿದವನು ಕಪ್ಪು ಹುಡುಗ ಅಂದುಕೊಂಡಿದ್ದರು. ನೇರವಾಗಿ ಕೇಳೋ ಹಾಗಿಲ್ಲ, ಆದರೆ ತಿಳಿಸಲೇಬೇಕು. ಒಂದು ಶಾಲೆಯ ಹೆಸರು ಆ ಕೆಲಸ ಮಾಡಿತು. ನಮ್ಮ ಕಡೆ ಹೊಸಬರನ್ನು "ಯಾವ ಕೇರಿ?" ಅಂತ ಕೇಳೋದನ್ನು ಕೇಳಿ ಬೆಳೆದವರಿಗೆ ಈ ಪ್ರಶ್ನೆಯ ಒಳಗುಟ್ಟು ವಿವರಿಸಬೇಕಾಗಿಲ್ಲ.

ನನ್ನ ಪ್ರಕಾರ 1954ರಲ್ಲಿ ನಿಜವಾಗಿ ಹೊಸದಾಗಿ ಆಗಿದ್ದು ಇದೇ. ಸಂಗೀತ ಹೊಸದಾಗಿರಲಿಲ್ಲ. ಅದುವರೆಗೆ ಬೇರೆ ಪಟ್ಟಿಯಲ್ಲಿ, ಬೇರೆ ಅಂಗಡಿಯಲ್ಲಿ, ಬೇರೆ ಸ್ಟೇಷನ್ನಿನಲ್ಲಿ ಇದ್ದ ಸಂಗೀತಕ್ಕೆ ಬಿಳಿ ಮುಖ ಸಿಕ್ಕಿತು. ಬಿಲ್‌ಬೋರ್ಡ್ ಪತ್ರಿಕೆ 1949ರವರೆಗೂ ಕಪ್ಪು ಸಂಗೀತದ ಪಟ್ಟಿಗೆ 'ರೇಸ್ ರೆಕಾರ್ಡ್ಸ್' ಅಂತಲೇ ಹೆಸರಿಟ್ಟಿತ್ತು, ಆಮೇಲೆ ಅದನ್ನು 'ರಿದಮ್ ಅಂಡ್ ಬ್ಲೂಸ್' ಅಂತ ಬದಲಾಯಿಸಿತು. ಗೋಡೆ ಹಾಗೇ ಇತ್ತು, ಬೋರ್ಡ್ ಬದಲಾಯಿತು. ಎಲ್ವಿಸ್ ಆ ಗೋಡೆಯಲ್ಲೊಂದು ಬಾಗಿಲು ತೆಗೆದ ಅನ್ನೋದು ನಿಜ, ಅದು ಸಣ್ಣ ಕೆಲಸವೂ ಅಲ್ಲ. ಆದರೆ ಬಾಗಿಲು ತೆಗೆದ ದಿನವನ್ನು ಮನೆ ಕಟ್ಟಿದ ದಿನ ಅಂತ ಬರೆಯೋದು ಲೆಕ್ಕದ ತಪ್ಪು.

ಮನೆಗೆ ಕಲ್ಲು ಹೊತ್ತವರ ಹೆಸರು ಬೇಕಾದರೆ ಇನ್ನೂ ಹಿಂದಕ್ಕೆ ಹೋಗಬಹುದು. ನ್ಯೂ ಆರ್ಲಿನ್ಸ್‌ನಲ್ಲಿ ಫ್ಯಾಟ್ಸ್ ಡೊಮಿನೊ 'ದ ಫ್ಯಾಟ್ ಮ್ಯಾನ್' ಹಾಡಿದ್ದು 1949ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು, 1944ರಲ್ಲಿ, ಸಿಸ್ಟರ್ ರೊಸೆಟ್ಟಾ ಥಾರ್ಪ್ ಅನ್ನೋ ಹೆಂಗಸು ಎಲೆಕ್ಟ್ರಿಕ್ ಗಿಟಾರ್ ಹಿಡಿದು 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಅನ್ನೋ ಹಾಡು ಧ್ವನಿಮುದ್ರಿಸಿದರು. ಚರ್ಚಿನ ಭಕ್ತಿಗೀತೆ, ಆದರೆ ಕಾಲು ಸುಮ್ಮನಿರಲ್ಲ. 1945ರಲ್ಲಿ ಅದು ಆ 'ರೇಸ್' ಪಟ್ಟಿಯ 2ನೇ ಸ್ಥಾನಕ್ಕೇರಿತು. ಹುಡುಗನಾಗಿದ್ದ ಲಿಟಲ್ ರಿಚರ್ಡ್‌ನನ್ನು ತನ್ನ ವೇದಿಕೆಗೆ ಹತ್ತಿಸಿ ಹಾಡಿಸಿದ್ದೂ ಈಕೆಯೇ. 1973ರಲ್ಲಿ ತೀರಿಕೊಂಡರು. ಫಿಲಡೆಲ್ಫಿಯಾದಲ್ಲಿರೋ ಅವರ ಸಮಾಧಿಗೆ ಮೂರು ದಶಕಕ್ಕೂ ಹೆಚ್ಚು ಕಾಲ ಹೆಸರಿನ ಕಲ್ಲು ಕೂಡ ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ತನ್ನ ಮೊದಲ ತಂಡವನ್ನು ಸೇರಿಸಿಕೊಂಡಿದ್ದು 1986ರಲ್ಲಿ, ಎಲ್ವಿಸ್ ಅದರಲ್ಲಿದ್ದ. ರೊಸೆಟ್ಟಾ ಥಾರ್ಪ್‌ಗೆ ಕರೆ ಬಂದಿದ್ದು 2018ರಲ್ಲಿ.

ಇರಲಿ, ರಾಕ್‌ಗೆ ಹುಟ್ಟಿದ ದಿನ ಒಂದೇ ಅಂದುಕೊಂಡರೆ ಅದೂ ಅಲ್ಲ. ಕ್ಲೀವ್‌ಲ್ಯಾಂಡ್ ನಗರ 1952ರ ಮಾರ್ಚ್ 21 ಅನ್ನುತ್ತೆ. ಅಲನ್ ಫ್ರೀಡ್ ಅನ್ನೋ ರೇಡಿಯೊ ನಿರೂಪಕ ಅವತ್ತು ಏರ್ಪಡಿಸಿದ 'ಮೂನ್‌ಡಾಗ್ ಕಾರೊನೇಷನ್ ಬಾಲ್' ಮೊದಲ ರಾಕ್ ಕಾರ್ಯಕ್ರಮ ಅಂತ ಅವರ ವಾದ. ಸಭಾಂಗಣ ಹಿಡಿಸಲಾರದಷ್ಟು ಜನ ನುಗ್ಗಿ, ಶುರುವಾದ ಸ್ವಲ್ಪ ಹೊತ್ತಿಗೇ ಕಾರ್ಯಕ್ರಮ ನಿಂತುಹೋಯಿತು. ಬಿಲ್ ಹೇಲಿ ಅಭಿಮಾನಿಗಳು 1955ರ ಜುಲೈ 9 ಅನ್ನುತ್ತಾರೆ, 'ರಾಕ್ ಅರೌಂಡ್ ದ ಕ್ಲಾಕ್' ನಂಬರ್ ಒನ್ ಆದ ದಿನ. ಗಮನಿಸಿ: ಆ ಹಾಡು ಧ್ವನಿಮುದ್ರಣ ಆಗಿದ್ದು 1954ರ ಏಪ್ರಿಲ್ 12ಕ್ಕೆ, ಎಲ್ವಿಸ್‌ಗಿಂತ ಮೊದಲು. ಆಗ ಅಷ್ಟೇನೂ ಓಡಲಿಲ್ಲ. ಮರುವರ್ಷ ಒಂದು ಸಿನಿಮಾದಲ್ಲಿ ಬಂದ ಮೇಲೆ ಜಗತ್ತು ಹಿಡಿಯಿತು. ಮೆಂಫಿಸ್‌ಗೆ ಸ್ಟುಡಿಯೊ ತೋರಿಸಬೇಕು, ಕ್ಲೀವ್‌ಲ್ಯಾಂಡ್‌ಗೆ ಮ್ಯೂಸಿಯಂ ತೋರಿಸಬೇಕು. ಯಾರ ಊರಲ್ಲಿ ಟಿಕೆಟ್ ಕೌಂಟರ್ ಇದೆಯೋ ಅವರ ಊರಲ್ಲಿ ರಾಕ್ ಹುಟ್ಟಿದೆ.

ಐವತ್ತು ಅನ್ನೋ ಸಂಖ್ಯೆಯ ಹಿಂದೆ ಇನ್ನೊಂದು ಗಡಿಯಾರವೂ ಇದೆ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಮಾತ್ರ ಇತ್ತು. ಅಂದರೆ 1954ರ ಹಾಡು 2004ರ ಕೊನೆಯವರೆಗೆ ಕಂಪನಿಯ ಸ್ವತ್ತು, 2005ರಿಂದ ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಹಬ್ಬದ ವರ್ಷವೇ ಕಂಪನಿಯ ಕೊನೇ ಸುಗ್ಗಿ. ಮುಂದೆ ಈ ಅವಧಿ 70ಕ್ಕೆ ಏರಿತು, ಒಂದು ಷರತ್ತಿನ ಮೇಲೆ: ಐವತ್ತು ವರ್ಷದೊಳಗೆ ಹೊರಗೇ ಬರದ ಧ್ವನಿಮುದ್ರಣಕ್ಕೆ ಆ ಭಾಗ್ಯ ಇಲ್ಲ. ಅದಕ್ಕೇ 2012ರ ಕೊನೆಯಲ್ಲಿ ಬಾಬ್ ಡಿಲನ್‌ನ 1962ರ ಹಳೇ ಟೇಪುಗಳು ಸುಮಾರು ನೂರೇ ನೂರು ಪ್ರತಿಯಲ್ಲಿ ಹೊರಬಂದವು. ಶೀರ್ಷಿಕೆಯಲ್ಲೇ 'ಐವತ್ತನೇ ವಾರ್ಷಿಕೋತ್ಸವ' ಅಂತಲೂ 'ಕಾಪಿರೈಟ್ ವಿಸ್ತರಣೆ' ಅಂತಲೂ ಬರೆದಿತ್ತು. ಈ ಪ್ರಾಮಾಣಿಕತೆ ನನಗೆ ಇಷ್ಟ. ಅಂದಹಾಗೆ, ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ.

ಹಾಗಾದರೆ ಈ ವಾರ್ಷಿಕೋತ್ಸವಗಳನ್ನೆಲ್ಲ ಬಿಟ್ಟುಬಿಡೋಣವಾ? ಬೇಡ. 2004ರ ಗದ್ದಲ ಇಲ್ಲದಿದ್ದರೆ ಎಷ್ಟೋ ಜನ ಆ ಹಾಡನ್ನು ಕೇಳ್ತಾನೇ ಇರಲಿಲ್ಲ. ನೆಪ ಅನ್ನೋದು ಕೆಟ್ಟದ್ದೇನಲ್ಲ, ನಾವು ಹಬ್ಬದ ನೆಪದಲ್ಲೇ ಊರಿಗೆ ಹೋಗೋರು. ಆದರೆ ನೆಪ ಒಳ್ಳೇದೋ ಕೆಟ್ಟದ್ದೋ ಅಂತ ಅಳೆಯೋಕೆ ನಮ್ಮ ಕಸುಬಿನಲ್ಲೇ ಒಂದು ಅಳತೆ ಇದೆ. ಸಾಫ್ಟ್‌ವೇರ್ ಬಿಡುಗಡೆಯಾದ ದಿನ ಮ್ಯಾನೇಜರ್ ಎಲ್ಲರಿಗೂ ಅಭಿನಂದನೆಯ ಮೇಲ್ ಕಳಿಸ್ತಾರೆ. ಅದರಲ್ಲಿ ನಾಲ್ಕು ಹೆಸರು ಇರುತ್ತೆ. ಗಿಟ್‌ನ ಇತಿಹಾಸ ತೆಗೆದು ನೋಡಿದ್ರೆ ನಲವತ್ತು ಹೆಸರು ಇರುತ್ತೆ. ಅದರಲ್ಲಿ ಕೆಲವರು ಕಂಪನಿ ಬಿಟ್ಟು ಎಷ್ಟೋ ವರ್ಷ ಆಗಿರುತ್ತೆ. ಮೇಲ್ ಸುಳ್ಳಲ್ಲ. ಆದರೆ ಕೋಡ್ ಕೈಕೊಟ್ಟಾಗ ಯಾರೂ ಆ ಮೇಲ್ ತೆಗೆದು ನೋಡಲ್ಲ, ಗಿಟ್ ನೋಡ್ತಾರೆ. ಸಂಗೀತ ಹೇಗೆ ಕೆಲಸ ಮಾಡುತ್ತೆ ಅಂತ ತಿಳೀಬೇಕಾದವರಿಗೂ ಅಷ್ಟೇ. ಬಿಡುಗಡೆಯ ದಿನದಿಂದ ಹಿಂದಕ್ಕೆ ಕರ್ಕೊಂಡು ಹೋದರೆ ಅದು ಒಳ್ಳೇ ವಾರ್ಷಿಕೋತ್ಸವ. ಅಲ್ಲೇ ನಿಲ್ಲಿಸಿಬಿಟ್ಟರೆ ಜಾಹೀರಾತು.

ಮುಂದಿನ ಜುಲೈ 5ಕ್ಕೆ ಒಂದು ಪ್ಲೇಲಿಸ್ಟ್ ಮಾಡಿಕೊಳ್ಳಿ, ಹೆಚ್ಚೇನಿಲ್ಲ, ನಾಲ್ಕೇ ಹಾಡು. 1944ರ ರೊಸೆಟ್ಟಾ ಥಾರ್ಪ್, 1946ರ ಕ್ರುಡಪ್, 1951ರ 'ರಾಕೆಟ್ 88', ಕೊನೆಗೆ ಎಲ್ವಿಸ್. ಹತ್ತು-ಹನ್ನೆರಡು ನಿಮಿಷದಲ್ಲಿ ಮುಗಿಯುತ್ತೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಸಮಯ ಸಾಕು. ಕ್ರಮ ಮಾತ್ರ ತಪ್ಪಿಸಬೇಡಿ. ಈ ಕ್ರಮದಲ್ಲಿ ಕೇಳಿದ್ರೆ ಎಲ್ವಿಸ್ ಚಿಕ್ಕವನಾಗಲ್ಲ, ಅವನು ಏನು ಬದಲಾಯಿಸಿದ ಅನ್ನೋದು ಇನ್ನೂ ಸ್ಪಷ್ಟವಾಗಿ ಕೇಳುತ್ತೆ. ಡ್ರಮ್ಸ್ ಯಾಕಿಲ್ಲ ಅನ್ನೋದು ಆಗ ಹೊಳೆಯುತ್ತೆ, ಆ ಹಗುರತನ ಎಂಥ ಧೈರ್ಯ ಅನ್ನೋದೂ.

ಇನ್ನೂ ಹತ್ತು ನಿಮಿಷ ಇದ್ದರೆ ಯೂಟ್ಯೂಬಿನಲ್ಲಿ ರೊಸೆಟ್ಟಾ ಥಾರ್ಪ್ 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹಾಡಿದ್ದನ್ನು ಹುಡುಕಿ. ಟಿವಿಯವರು ಒಂದು ಹಳೇ ರೈಲು ನಿಲ್ದಾಣವನ್ನೇ ವೇದಿಕೆ ಮಾಡಿದ್ದಾರೆ. ಹಳಿಯ ಈಚೆಗೆ ಕೇಳೋಕೆ ಬಂದ ಬಿಳಿ ಹುಡುಗ ಹುಡುಗಿಯರು, ಆಚೆಯ ಪ್ಲಾಟ್‌ಫಾರಮ್ಮಿನಲ್ಲಿ ನಲವತ್ತೊಂಬತ್ತರ ಈ ಹೆಂಗಸು. ಮೈಮೇಲೆ ಉದ್ದನೆ ಕೋಟು, ಹೆಗಲಿಗೆ ಎಲೆಕ್ಟ್ರಿಕ್ ಗಿಟಾರ್. ಅವತ್ತು ಮಳೆ ಬಂದಿತ್ತು, ನೆಲ ಇನ್ನೂ ಒದ್ದೆ. ಅವರು ಮಳೆಯ ಮೇಲಿನ ಹಾಡನ್ನೇ ಎತ್ತಿಕೊಳ್ತಾರೆ. ನಡುವೆ ಗಿಟಾರ್ ಒಂದೇ ಮಾತಾಡೋ ಜಾಗ ಬರುತ್ತೆ, ಅಲ್ಲಿ ಅವರ ಮುಖ ನೋಡಿ. ಆ ಬೆರಳುಗಳು ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಾ ಬಂದಿವೆ.